ಮಾವನವರ ಎರಡನೆಯ ಗುಂಡು

ಒಂದು ಕೆಲಸ ನಮ್ಮ ಕೈಯಿಂದಾಗುವುದಿಲ್ಲ ಎಂದು ತಿಳಿಯುವುದಕ್ಕೆ ಬುದ್ಧಿ ಬೇಕು. ಅದನ್ನು ಹೆಂಡತಿಯ ತವರಿನಲ್ಲಿ ಒಪ್ಪಿಕೊಳ್ಳುವುದಕ್ಕೆ ಧೈರ್ಯ ಬೇಕು. ನನ್ನಲ್ಲಿ ಎರಡೂ ಅಷ್ಟಕ್ಕಷ್ಟೆ. ನಿಜಾಮರ ಕಾಲದಲ್ಲಿ ನಾನು ಕುಷ್ಟಗಿಯಲ್ಲಿ ಮಾಸ್ತರನಾಗಿದ್ದಾಗ, ನಿಂತುಹೋದ ಗೋಡೆ ಗಡಿಯಾರವೊಂದನ್ನು ಬಿಚ್ಚಿ ಜೋಡಿಸಿದ್ದೆ. ಕೊನೆಗೆ ಎರಡು ತಿರುಪು ಮಿಕ್ಕವು, ಗಡಿಯಾರವೇನೋ ನಡೆಯಿತು. ಮಿಕ್ಕ ತಿರುಪಿನ ಸುದ್ದಿಯನ್ನು ನಾನು ಯಾರಿಗೂ ಹೇಳಲಿಲ್ಲ; ನಡೆದ ಸುದ್ದಿ ಮಾತ್ರ ಮಾವನವರ ಊರಿನ ತನಕ ಮುಟ್ಟಿತು. ದಸರೆಯ ಸೂಟಿಗೆಂದು, ನವರಾತ್ರಿಯ ಘಟ್ಟ ಹಾಕುವ ಮೊದಲ ದಿನವೇ ಹೆಂಡತಿಯೊಡನೆ ಆ ಊರಿಗೆ ಹೋದೆ. ಇನ್ನೂ ಕಾಲು ತೊಳೆದಿರಲಿಲ್ಲ, ಮಾವನವರು ಅರಿವೆಯಲ್ಲಿ ಸುತ್ತಿದ ಪಿಸ್ತೂಲನ್ನು ತಂದು ನನ್ನ ಮುಂದಿಟ್ಟರು.

ಅದು ಅವರ ತಂದೆ ಸಿಕಂದರಾಬಾದಿನಲ್ಲಿ ಯಾರೋ ಇಂಗ್ಲಿಷ್ ದೊರೆಯಿಂದ ಕೊಂಡಿದ್ದ ಹಳೆಯ ಪಿಸ್ತೂಲು. ಕಾಡತೂಸು ತುಂಬಿದ ತಗಡಿನ ಡಬ್ಬಿಯೊಂದು ಅದರ ಹಿಡಿಕೆಯೊಳಗೆ ಕೂಡುತ್ತದೆ. ಒಂದು ಗುಂಡು ಹಾರಿದ ಕೂಡಲೇ ಡಬ್ಬಿಯ ಸ್ಪ್ರಿಂಗು ಮುಂದಿನ ಕಾಡತೂಸನ್ನು ತಾನಾಗಿ ಮೇಲಕ್ಕೆ ದೂಡಬೇಕು. ವಿಜಯದಶಮಿಯ ದಿನ ಊರವರೆಲ್ಲ ಬನ್ನಿಗಿಡದ ಹತ್ತಿರ ಸೇರಿದಾಗ ಮಾವನವರು ಆಕಾಶಕ್ಕೆ ಐದು ಗುಂಡು ಹಾರಿಸಬೇಕು. ಆಮೇಲೆಯೇ ಉಳಿದವರು ಬನ್ನಿ ಮುರಿಯಬೇಕು. ಇದು ಅವರ ಮನೆತನದ ಮಾನ. ಹಿಂದಿನ ವರ್ಷ ಒಂದು ಗುಂಡು ಹಾರಿ ಎರಡನೆಯದು ಸಿಕ್ಕಿಕೊಂಡುಬಿಟ್ಟಿತು. ಮಾವನವರು ಜಗ್ಗಿದರು, ಅಂಗೈಯಿಂದ ಬಡಿದರು, ಬೆವೆತರು. ದಾಯಾದಿ ಸಂಗಪ್ಪ ತನ್ನ ಜೋಡುನಳಿಗೆ ಬಂದೂಕನ್ನು ಎತ್ತಿ ಉಳಿದ ನಾಲ್ಕನ್ನು ಹಾರಿಸಿ, "ಅಣ್ಣಾ, ನಿನಗೂ ವಯಸ್ಸಾತು, ಪಿಸ್ತೂಲಿಗೂ ವಯಸ್ಸಾತು. ಮುಂದಿನ ವರ್ಷದಿಂದ ನಾನ ಹಾರಸ್ತೀನಿ ಬಿಡು" ಎಂದನಂತೆ.

"ಅಳಿಯಂದ್ರ, ಈ ಸಲಾನೂ ಎರಡನೇದು ಹಾರಲಿಲ್ಲಂದ್ರ ನಾ ಇನ್ನ ಬನ್ನಿಗಿಡದ ಕಡೆ ಹೋಗಾಂಗಿಲ್ರಿ," ಎಂದರು ಮಾವನವರು. ಅವರ ದನಿ ಕೇಳಿ ನನಗೆ ನಿಜವಾಗಿ ಸಂಕಟವಾಯಿತು. ಸಂಕಟವಾದಾಗ ನಾನು ಅಳುವವನಲ್ಲ, ಮಾತು ಕೊಡುವವನು. "ನನಗ ಬಿಡ್ರಿ ಮಾವಾರ. ಐದೂ ಹಾರಬೇಕು, ಹಾರಸೇ ತೀರತೀನಿ" ಎಂದೆ.

ಮೊದಲು ಕಾಡತೂಸಿನ ಮೇಲೆ ಗುಮಾನಿ ಬಂತು. ಹಳೆಯವನ್ನು ಬಿಟ್ಟು ಹೊಸವನ್ನು ತರಿಸಿ, ಊರಾಚೆಯ ಒಣ ಹಳ್ಳದಲ್ಲಿ ದಿಬ್ಬಕ್ಕೆ ಗುರಿ ಹಿಡಿದು ಮಾವನವರು ಹಾರಿಸಿದರು. ಒಂದು ಹಾರಿತು, ಎರಡನೆಯದು ಮೂತಿ ಮೇಲೆ ಮಾಡಿಕೊಂಡು ಅರ್ಧದಲ್ಲೇ ನಿಂತಿತು. ಹಾಗಾದರೆ ಸ್ಪ್ರಿಂಗು ಸತ್ತಿದೆ ಎಂದು ತೀರ್ಮಾನಿಸಿ, ಅದನ್ನು ಹೊರಗೆಳೆದು ಹಿಗ್ಗಿಸಲು ಹೋದೆ. ಅದು ಕೈತಪ್ಪಿ ಹಾರಿ ಜೋಳದ ಚೀಲಗಳ ಸಂದಿಯಲ್ಲಿ ಬಿತ್ತು. ಅರ್ಧ ದಿನ ಇಡೀ ಮನೆಯವರು ಚೀಲ ಸರಿಸಿದರು. ಆ ಪಿಸ್ತೂಲಿನಿಂದ ಅಷ್ಟು ಚುರುಕಾಗಿ ಹಾರಿದ ವಸ್ತು ಅದೊಂದೇ. ಸತ್ತ ಸ್ಪ್ರಿಂಗು ಹಾಗೆ ಹಾರುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಮುಂದೆ ಡಬ್ಬಿಯ ಬಾಯಿಯ ಅಂಚು ಸಡಿಲವಾಗಿದೆಯೆಂದು ಇಕ್ಕಳದಿಂದ ಬಗ್ಗಿಸಿದೆ. ಆಮೇಲೆ ಮೊದಲನೆಯ ಗುಂಡೂ ಹಾರದಾಯಿತು. "ಅದು ಗಡಿಯಾರ ಅಲ್ರಿ, ಇನ್ನ ಸಾಕು ಬಿಡ್ರಿ" ಎಂದಳು ಹೆಂಡತಿ. ಹೀಗೆಂದರೆ ಬಿಡುವವನು ನಾನಲ್ಲ. ಪರವಾನಗಿ ಮಾವನವರ ಹೆಸರಿನಲ್ಲಿದ್ದುದರಿಂದ ಪಿಸ್ತೂಲನ್ನು ಮನೆಯಲ್ಲೇ ಬಿಟ್ಟು, ಬರಿಯ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಎಂಟನೆಯ ದಿನ ನಸುಕಿನ ಮೋಟಾರಿಗೆ ಕೊಪ್ಪಳಕ್ಕೆ ಹೋದೆ. ಅಲ್ಲಿ ಬಂದೂಕು ರಿಪೇರಿ ಮಾಡುವ ಉಸ್ತಾದರೊಬ್ಬರಿದ್ದರು.

ಉಸ್ತಾದರು ಡಬ್ಬಿಯನ್ನು ಮೂಸಿ ನೋಡಿದರು. ತಳ ಬಿಚ್ಚಿ ಕಡ್ಡಿಯಿಂದ ಕೆರೆದು, ಹಳದಿ ಮೇಣದಂಥದೇನನ್ನೋ ಕಾಗದದ ಮೇಲೆ ಇಟ್ಟರು. "ಮಾಸ್ತರ, ಸ್ಪ್ರಿಂಗ್ ಛಲೋ ಐತಿ. ಇದರಾಗ ಔಡಲೆಣ್ಣಿ ಸುರುವಿ ಭಂಡಾರ ಹಾಕ್ಯಾರ. ಕೆಸರಾಗಿನ ಎತ್ತಿನಂಗ ಕಾಡತೂಸು ಎದ್ದು ಬರೂದ್ರಾಗ ಪಿಸ್ತೂಲಿನ ಬಾಗಿಲಾ ಮುಚ್ಚಿರ್ತೈತಿ. ಯಾರ್ರೀ ಆ ಶಾಣ್ಯಾ?"

ಆ ಶಾಣ್ಯಾ ನಾನೇ. ಹಿಂದಿನ ವರ್ಷ ಹೊಸ ಅಳಿಯನೆಂದು ಮಹಾನವಮಿಯ ಖಂಡೇಪೂಜೆಯಲ್ಲಿ ಆಯುಧ ಪೂಜಿಸುವ ಮರ್ಯಾದೆಯನ್ನು ನನಗೆ ಕೊಟ್ಟಿದ್ದರು. ಯಂತ್ರವೆಂದ ಮೇಲೆ ಎಣ್ಣೆ ಬೇಕು ಎಂದುಕೊಂಡು, ಗಾಡಿಯ ಅಚ್ಚಿಗೆ ಹಾಕುವ ಔಡಲೆಣ್ಣೆಯನ್ನು ದೇವರ ಜಗಲಿಯ ಮೇಲಿಟ್ಟಿದ್ದ ಪಿಸ್ತೂಲಿನ ಡಬ್ಬಿಗೆ ಸುರಿದು, ಅದರ ಮೇಲೆ ಪೂಜೆಯ ಅರಿಶಿನದ ಭಂಡಾರವನ್ನೂ ಧಾರಾಳವಾಗಿ ಹಾಕಿದ್ದೆ. ಮರುದಿನ ನಸುಕಿನಲ್ಲೇ ಕುಷ್ಟಗಿಗೆ ಹೊರಟುಹೋಗಿದ್ದರಿಂದ ಬನ್ನಿಗಿಡದ ಅವಮಾನವನ್ನು ನಾನು ಕಂಡಿರಲಿಲ್ಲ. ಉಸ್ತಾದರಿಗೆ, "ಯಾರೋ ಏನೋ, ಹಳ್ಳಿ ಮಂದಿ" ಎಂದೆ. ಅವರು ಸೀಮೆಎಣ್ಣೆಯಲ್ಲಿ ತೊಳೆದು, ನಾನು ಬಗ್ಗಿಸಿದ ಅಂಚನ್ನು ನೆಟ್ಟಗೆ ಮಾಡಿ ಕೊಟ್ಟರು.

ಸಂಜೆ ಹಳ್ಳದಲ್ಲಿ ಐದಕ್ಕೆ ಐದೂ ಹಾರಿದವು. ಮಾವನವರು ಹಿಗ್ಗಿ ಹೀರೇಕಾಯಿಯಾದರು. ಪಡಸಾಲೆಯಲ್ಲಿ ಕೂತು, "ಏನಾಗಿತ್ರಿ ಅದಕ್ಕ?" ಎಂದು ಕೇಳಿದರು. ಔಡಲೆಣ್ಣೆಯ ಹೆಸರು ನನ್ನ ಬಾಯಿಂದ ಬಿತ್ತು. ಹಾಕಿದವನ ಹೆಸರು ಬೀಳಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ, "ನಾನ ಹಾಕಿದ್ದೆ. ತುಕ್ಕು ಹಿಡದೀತು ಅಂತ" ಎಂದರು. ಮಾವನವರು ಒಮ್ಮೆ ಅಡುಗೆಮನೆಯ ಕಡೆಗೆ, ಒಮ್ಮೆ ನನ್ನ ಕಡೆಗೆ ನೋಡಿ, "ಹೌದೇನು?" ಎಂದರು. ನಾನು ಡಬ್ಬಿಯನ್ನು ಅರಿವೆಯಿಂದ ಒರೆಸತೊಡಗಿದೆ. ಆ ರಾತ್ರಿಯ ಊಟ ನನಗೆ ರುಚಿಸಲಿಲ್ಲ.

ದಶಮಿಯ ದಿನ ಬನ್ನಿಗಿಡದ ಹತ್ತಿರ ಐದೂ ಗುಂಡು ಹಾರಿದವು. ಸಂಗಪ್ಪನೇ ಮೊದಲು ಬಂದು ಅಣ್ಣನ ಕಾಲು ಮುಟ್ಟಿದ. ಊರೆಲ್ಲ ನನ್ನನ್ನು ಹೊಗಳಿತು. ಒಂದೊಂದು ಹೊಗಳಿಕೆಗೂ ನನಗೆ ಅಡುಗೆಮನೆಯ ಆ ದನಿಯೇ ಕೇಳಿಸುತ್ತಿತ್ತು. ಮನೆಗೆ ಬಂದು ಮಾವನವರಿಗೆ ಬನ್ನಿ ಕೊಟ್ಟು ಕಾಲಿಗೆ ಎರಗಿದಾಗ ಗಟ್ಟಿ ಮನಸ್ಸು ಮಾಡಿ ಹೇಳಿಯೇಬಿಟ್ಟೆ: "ಮಾವಾರ, ಎಣ್ಣಿ ಹಾಕಿದ್ದು ಅತ್ತಿಯಾರಲ್ರಿ, ನಾನು."

"ಗೊತ್ತೈತಿ ಏಳ್ರಿ," ಎಂದರು ಮಾವನವರು. "ಗಾಡಿ ಎಣ್ಣಿನ ದೇವರ ಜಗಲಿಗೆ ಮುಟ್ಟಿಸೋ ಹೆಣ್ಮಗಳೇನ್ರಿ ನಿಮ್ಮತ್ತಿ? ಅಳಿಯನ ಮಾನ ಹೋಗಬಾರ್ದಂತ ಆಕಿ ಸುಳ್ಳ ಹೇಳಿದ್ಲು. ಆಕಿ ಮಾನ ಹೋಗಬಾರ್ದಂತ ನೀವು ಯಾವಾಗ ಖರೇ ಹೇಳ್ತೀರೋ ಅಂತ ನಾ ಕಾದಿದ್ದೆ. ಪಿಸ್ತೂಲು ಎಂಟ ದಿನಕ್ಕ ಬಾಯಿ ಬಿಡ್ತು. ನಿಮಗ ಹತ್ತು ದಿನ ಹಿಡೀತು."