ಸೋಮಶೇಖರಪ್ಪನವರ ಮೇಲಿನ ದೂರನ್ನು ಪಕ್ಷ ನೋಡದೆ ವಿಚಾರಿಸುವ ಕುರಿತು

ಇಂದ:
ಗಂಗಲಕ್ಷ್ಮಿ ಕೋಂ ಈರೇಶ್,
ಕುರಿ ಸಾಕಣೆ ಮತ್ತು ಕೂಲಿ, ಕೊಂಡ್ಲಹಳ್ಳಿ,
ಮೊಳಕಾಲ್ಮುರು ತಾಲ್ಲೂಕು.

ಗೆ:
ಶಿಸ್ತು ಸಮಿತಿಯ ಅಧ್ಯಕ್ಷರು,
ಪಕ್ಷದ ಕಚೇರಿ, ಚಳ್ಳಕೆರೆ.

ವಿಷಯ: ೧೯೯೪ರ ದೂರು ೧೯೯೯ರಲ್ಲಿ ನಿಜವಾಗಿ, ೨೦೦೪ರಲ್ಲಿ ಸುಳ್ಳಾದ ಬಗ್ಗೆ.

ಉಲ್ಲೇಖ: ತಮ್ಮ ಕಾರ್ಯದರ್ಶಿ ಬೊಮ್ಮಲಿಂಗಪ್ಪನವರು ಅರ್ಜಿದಾರಳ ಮನೆಯಲ್ಲಿ ಚಹಾ ಕುಡಿಯುತ್ತಾ ನೀಡಿದ ಮೌಖಿಕ ಸಲಹೆ.

ಮಾನ್ಯರೇ,

೧. ೧೯೯೪ರಲ್ಲಿ ತಾಯಿ ಪಾತಮ್ಮನ ವಿಧವಾ ವೇತನದ ಸಲುವಾಗಿ ಅರ್ಜಿದಾರಳು ಅಂದಿನ ಮುಖಂಡರಾದ ಸೋಮಶೇಖರಪ್ಪನವರನ್ನು ಬಿ.ಜಿ. ಕೆರೆ ಊರಿನ ಅವರ ಮನೆಯಲ್ಲಿ ಕಂಡಿದ್ದು, ಸದರಿಯವರು ಬಾಗಿಲು ಹಾಕಿ ಸೆರಗಿಗೆ ಕೈಹಾಕಿದ ಕಾರಣ, ಸದರಿ ಕೈಯನ್ನು ಕಚ್ಚಿ ಹೊರಬಂದಿರುತ್ತಾಳೆ. ಠಾಣೆಯಲ್ಲಿ, "ದೊಡ್ಡೋರ ಸಾವಾಸ ಬ್ಯಾಡಮ್ಮ" ಎಂದರು. ದೂರು ಬರೆದುಕೊಳ್ಳಲಿಲ್ಲ. ಊರಿನವರು ಅವಳನ್ನೇ ಆಡಿಕೊಂಡರು.

೨. ೧೯೯೯ರ ಚುನಾವಣೆಯಲ್ಲಿ ಸೋಮಶೇಖರಪ್ಪನವರು ಎದುರು ಪಕ್ಷದಲ್ಲಿದ್ದ ಕಾರಣ, ಬೊಮ್ಮಲಿಂಗಪ್ಪನವರು ಅವಳನ್ನು ಜೀಪಿನಲ್ಲಿ ಕರೆತಂದು ವೇದಿಕೆ ಹತ್ತಿಸಿದರು. "ಈಕೆ ನನ್ನ ಒಡಹುಟ್ಟಿದ ತಂಗಿ" ಎಂದು ಮೈಕಿನ ಮುಂದೆ ಅತ್ತರು. ಕಡೆಗೂ ಒಬ್ಬರು ನಂಬಿದರಲ್ಲ ಎಂದು ಅವಳೂ ಅತ್ತಳು.

೩. ಈಗ ಸೋಮಶೇಖರಪ್ಪನವರು ತಮ್ಮ ಪಕ್ಷ ಸೇರಿ ಟಿಕೆಟ್ ಕೇಳಿರುತ್ತಾರೆ. ಆದ್ದರಿಂದ ಬೊಮ್ಮಲಿಂಗಪ್ಪನವರು ಪುನಃ ಬಂದರು.

"ಹಳೇದು ಬಿಡವ್ವ ತಂಗಿ. ಕತ್ಲಾಗೆ ಯಾರು ಅಂತ ಗೊತ್ತಾಗ್ಲಿಲ್ಲ ಅಂತ ಒಂದು ಸಹಿ ಹಾಕು."

"ಮಟಮಟ ಮಧ್ಯಾಹ್ನ ಅಣ್ಣಾ. ನೀವೇ ಅತ್ತಿದ್ರಲ್ಲ."

"ಅದು ಆ ಎಲೆಕ್ಷನ್ ಕಣವ್ವ."

ಅವಳು ಸಹಿ ಹಾಕಲಿಲ್ಲ.

೪. ಹಿಂದೆ ಅವಳನ್ನು ಸುಳ್ಳುಗಾತಿ ಎಂದು ಕರಪತ್ರ ಹಂಚಿದ್ದ ಎದುರು ಪಕ್ಷದವರು ಮರುದಿನವೇ ಹಾರ ಹಿಡಿದು ಬಂದರು. "ಈಗ ನಾವು ನಿನ್ನ ನಂಬ್ತೀವಮ್ಮ" ಎಂದರು. ಅವರನ್ನು ಅವಳು ಒಳಗೆ ಕರೆಯಲಿಲ್ಲ.

೫. ಇದನ್ನೆಲ್ಲ ಕೇಳಿಸಿಕೊಂಡ ಮಗಳು ಶಿಲ್ಪ ಉಣ್ಣುವಾಗ, "ಅವ್ವಾ, ಹಂಗಾರೆ ಅದು ನಡೆದಿತ್ತಾ, ಇಲ್ವಾ?" ಎಂದಳು. ಈ ಅರ್ಜಿಗೆ ಅದೇ ಕಾರಣ.

ಆದ್ದರಿಂದ, ತನ್ನನ್ನು ಸುಮ್ಮನೆ ನಂಬಿಬಿಡಿ ಎಂದು ಅರ್ಜಿದಾರಳು ಕೋರುವುದಿಲ್ಲ. ಸೋಮಶೇಖರಪ್ಪನವರನ್ನು ಅವಳ ಎದುರು ಕೂರಿಸಿ ಇಬ್ಬರನ್ನೂ ಕೇಳಬೇಕು. ಅವರು ಎದುರು ಪಕ್ಷದಲ್ಲಿದ್ದರೆ ಏನು ಕೇಳುತ್ತಿದ್ದಿರೋ ಅದನ್ನೇ ಕೇಳಬೇಕು. ತಮ್ಮವರೆಂದು ಅವರಿಗೆ ಯಾವ ರಿಯಾಯಿತಿ ಕೊಡುವಿರೋ ಅದನ್ನು ನಾಳೆ ಎದುರು ಪಕ್ಷದವರಿಗೂ ಕೊಡಬೇಕು.

ಇನ್ನೂ ವಿಶ್ವಾಸವಿಟ್ಟಿರುವ,
ಗಂಗಲಕ್ಷ್ಮಿ

ಲಗತ್ತುಗಳು:
ಬೊಮ್ಮಲಿಂಗಪ್ಪನವರು ವೇದಿಕೆಯಲ್ಲಿ ಅಳುತ್ತಿರುವ ಫೋಟೊ.
ಅದೇ ಬೊಮ್ಮಲಿಂಗಪ್ಪನವರು ಸೋಮಶೇಖರಪ್ಪನವರನ್ನು ತಬ್ಬಿಕೊಂಡಿರುವ ಈ ವರ್ಷದ ಪೋಸ್ಟರ್ (ಗೋಡೆಯಿಂದ ಕಿತ್ತದ್ದು, ಅಂಟು ಇದೆ).

ವಿ.ಸೂ.: ವಿಚಾರಣೆ ಮುಗಿಯುವ ಮುನ್ನ ಸದರಿಯವರು ಮತ್ತೆ ಪಕ್ಷ ಬದಲಿಸಿದಲ್ಲಿ, ಈ ಅರ್ಜಿಯನ್ನೂ ಅವರ ಜೊತೆಯಲ್ಲೇ ಕಳಿಸಿಕೊಡಬೇಕಾಗಿ ವಿನಂತಿ.