ಅಕ್ಕೋರ ಬಿಪಿ

ನನ್ನ ಅಕ್ಕನಿಗೆ ಬಿಪಿ ಇದೆಯೆಂದು ನಾನು ಹೇಳಿದ್ದನ್ನು ದಯವಿಟ್ಟು ಅವಳ ಕಿವಿಗೆ ಹಾಕಬೇಡಿ. ಅವಳ ಪ್ರಕಾರ ಅವಳಿಗೆ ಬಿಪಿ ಇಲ್ಲವೇ ಇಲ್ಲ. ಇನ್ಯಾರಿಗೋ ಕೊಡಬೇಕಾದದ್ದನ್ನು ದವಾಖಾನೆಯವರು ಕಣ್ತಪ್ಪಿ ಅವಳ ಕೈಗೆ ಕೊಟ್ಟಿದ್ದಾರೆ, ಅಷ್ಟೆ! ಇಳಕಲ್ಲಿನ ಅಂಗಡಿಯಲ್ಲಿ ಅರ್ಧ ದಿನ ಕೂತು ಆರಿಸಿದ ಸೀರೆಯನ್ನು ಮರುದಿನ ಒಯ್ದು, "ಇದು ನಾ ನೋಡಿದ್ದ ಬಣ್ಣ ಅಲ್ರಿ" ಎಂದು ತಿರುಗಿ ಕೊಟ್ಟು ಬರುವ ಹೆಂಗಸು ಅವಳು. ಬಿಪಿಯನ್ನೂ ಹಾಗೇ ತಿರುಗಿ ಕೊಡಬಹುದೆಂದು ಬಹಳ ದಿನ ನಂಬಿದ್ದಳು.

ಅಕ್ಕ ಹುನಗುಂದದಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿದ್ದು ನಿವೃತ್ತಳಾದವಳು. ನಮ್ಮ ಕಡೆ ಹೆಣ್ಣು ಟೀಚರುಗಳನ್ನು ಅಕ್ಕೋರು ಎನ್ನುತ್ತಾರೆ. ಹೀಗಾಗಿ ನನಗೊಬ್ಬನಿಗೆ ಅಕ್ಕನಾಗಿದ್ದವಳು ಊರಿಗೆಲ್ಲ ಅಕ್ಕೋರಾದಳು. ಅವಳು ಕಿವಿ ಹಿಂಡದ ಮನುಷ್ಯ ಆ ಊರಿನಲ್ಲಿ ಇದ್ದರೆ ಅವನು ಖಂಡಿತ ಬೇರೆ ಕಡೆಯಿಂದ ವರ್ಗವಾಗಿ ಬಂದವನೇ! ನಾನು ಬಾಗಲಕೋಟೆಯ ನವನಗರದಲ್ಲಿರುವ ಒಬ್ಬ ಗುಮಾಸ್ತ. ಹುಟ್ಟಿನಿಂದಲೇ ಕೆಟ್ಟದ್ದನ್ನು ಮೊದಲು ಯೋಚಿಸುವವನು. ತಲೆ ನೋವು ಬಂದರೆ ಮೆದುಳಿನಲ್ಲಿ ಗಡ್ಡೆಯಾಗಿದೆ, ಎದೆಯುರಿದರೆ ಹೃದಯವೇ ಹೋಯಿತು ಎಂದು ತೀರ್ಮಾನಿಸಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತೇನೆ. ನಮ್ಮಿಬ್ಬರಲ್ಲಿ ಬಿಪಿ ಯಾರಿಗೆ ಬರಬೇಕಿತ್ತು, ನೀವೇ ಹೇಳಿ?

ಅಕ್ಕನಿಗೂ ಆ ಬಗ್ಗೆ ಸಂಶಯವಿರಲಿಲ್ಲ. ಹೋದ ಬೇಸಿಗೆಯಲ್ಲಿ ನಾನು ಹುನಗುಂದಕ್ಕೆ ಹೋದಾಗ ತಲೆ ಹಿಡಿದುಕೊಂಡು ಕೂತದ್ದನ್ನು ನೋಡಿ, "ಏಳಲೇ ತಮ್ಮ, ನಿನಗ ಬಿಪಿ ಬಂದೈತಿ. ಇಷ್ಟು ಚಿಂತಿ ಮಾಡಿದ್ರ ಬರಲಾರದ ಏನ್ ಮಾಡೀತು?" ಎಂದು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಅವಳ ಕೈಯಲ್ಲೇ ಮೂರನೇ ಇಯತ್ತೆ ಕಲಿತ ಹುಡುಗಿ. ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿ, ಎಲ್ಲಾ ಸರಿ ಇದೆ ಎಂದಳು. ಆಮೇಲೆ ನಗುತ್ತ, "ಬರ್ರಿ ಅಕ್ಕೋರ, ನಿಮ್ಮದೂ ನೋಡೂಣು" ಎಂದಳು. ನೋಡಿದ ಮೇಲೆ ಅವಳ ನಗು ನಿಂತುಹೋಯಿತು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದಳು. ಮೇಲಿನ ಅಂಕಿ ಇನ್ನೂರನ್ನು ದಾಟಿತ್ತು.

"ಮಷೀನ್ ಕೆಟ್ಟೈತಿ" ಎಂದಳು ಅಕ್ಕ.

"ಇಲ್ರಿ ಅಕ್ಕೋರ, ಈಗರ ಅವರಿಗೆ ನೋಡೇನಲ್ರಿ."

ಅಕ್ಕ ನನ್ನ ಕಡೆ ತಿರುಗಿ, "ಇಕಿಗೆ ಹದಿಮೂರರ ಮಗ್ಗಿ ಬರ್ತಿರಲಿಲ್ಲಲೇ. ಇಕಿ ಹೇಳಿದ ನಂಬರ್ ನಾ ನಂಬಬೇಕೇನು?" ಎಂದಳು. ಆಮೇಲೆ ಕಂಪೌಂಡರನನ್ನು ಕರೆದು ಕೂಡಿಸಿ ಅವನ ಬಿಪಿ ನೋಡಿಸಿದಳು. ಹೊರಗೆ ಪಾಳಿ ಹಚ್ಚಿ ಕೂತಿದ್ದ ಇಬ್ಬರದೂ ನೋಡಿಸಿದಳು. ನಮ್ಮನ್ನು ಕರೆತಂದ ಆಟೋದವನನ್ನೂ ಬಿಡಲಿಲ್ಲ! ಎಲ್ಲರದೂ ಸರಿಯಾಗಿಯೇ ಇತ್ತು. ಅಕ್ಕ ಎಲ್ಲರ ಮುಖವನ್ನೂ ಒಮ್ಮೆ ನೋಡಿ ಹೇಳಿದಳು. "ಹಂಗಾದ್ರ ಇವರೆಲ್ಲಾರದೂ ನಾ ಒಬ್ಬಾಕೀನ ಹೊತ್ಕೊಂಡೇನಿ." ಕಂಪೌಂಡರನಿಂದ ಹಿಡಿದು ಎಲ್ಲರೂ ನಕ್ಕರು.

ನನಗೆ ಮಾತ್ರ ನಗು ಬರಲಿಲ್ಲ. ಬರುವುದಾದರೂ ಹೇಗೆ? ನಮ್ಮ ಅವ್ವ ಹೋದದ್ದು ಇದರಿಂದಲೇ. ಅವಳಿಗೆ ಬಿಪಿ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಕೂತವಳಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ನಾನಾಗ ಶಾಲೆಗೆ ಹೋಗುವ ಹುಡುಗ, ಅಕ್ಕ ಆಗಷ್ಟೇ ನೌಕರಿಗೆ ಸೇರಿದವಳು. ಎರಡು ವರ್ಷ ಅವ್ವ ಹಾಸಿಗೆಯ ಮೇಲಿದ್ದಳು. ಎಲ್ಲರ ಗುರುತೂ ಸಿಗುತ್ತಿತ್ತು, ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ನಾನು ಶಾಲೆಯಿಂದ ಬಂದಾಗ ಸೊಟ್ಟಾದ ಬಾಯಿಯಿಂದ ನನ್ನನ್ನು ಕೂಗಲು ಹೆಣಗುವಳು. ಅಕ್ಕ ಸೆರಗಿನಿಂದ ಅವಳ ಬಾಯಿ ಒರೆಸಿ, "ನಿನ್ನ ಕರಿಯಾಕತ್ತಾಳ, ಬಾ ಇಲ್ಲೆ" ಎನ್ನುವಳು. ಅವ್ವ ಹೋದ ಮೇಲೆ ಲಕ್ವಾ ಎಂಬ ಹೆಸರನ್ನು ನಾವಿಬ್ಬರೂ ಎತ್ತಿದವರಲ್ಲ. ಈಗ ಡಾಕ್ಟರು ಆ ಅಂಕಿ ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಹಾಸಿಗೆಯೇ.

ಡಾಕ್ಟರು ಗುಳಿಗೆ ಬರೆದುಕೊಟ್ಟು ಉಪ್ಪು ಕಡಿಮೆ ಮಾಡಲು ಹೇಳಿದಳು. ಅಕ್ಕ ಪಲ್ಯಕ್ಕೆ ಉಪ್ಪು ಹಾಕುವುದನ್ನು ಆ ದಿನವೇ ಬಿಟ್ಟಳು. ಪರವಾಗಿಲ್ಲವೇ ಎಂದು ಖುಷಿಪಟ್ಟೆ. ಮರುದಿನ ಊಟಕ್ಕೆ ಕೂತರೆ ಅವಳ ತಾಟಿನ ತುದಿಯಲ್ಲಿ ಬಾನದ ಮೆಣಸಿನಕಾಯಿ! ಉಪ್ಪು ತುಂಬಿ ಬಿಸಿಲಿಗೆ ಒಣಗಿಸಿ, ಎಣ್ಣೆಯಲ್ಲಿ ಕರಿದವು.

"ಅಕ್ಕಾ, ಇದರಾಗಿನ ಉಪ್ಪು?"

"ಇದು ಹೋದ ವರ್ಷದ್ದು. ಆ ಉಪ್ಪು ಹಾಕಿದಾಗ ನನಗೆಲ್ಲಿ ಬಿಪಿ ಇತ್ತು?"

ಹೀಗೆಂದು ಇನ್ನೊಂದು ಮೆಣಸಿನಕಾಯಿಯನ್ನು ತಾಟಿಗೆ ಹಾಕಿಕೊಂಡಳು.

ಮೊದಲನೇ ಗುಳಿಗೆಗೆ ಅವಳ ಕಾಲು ಬಾತುಕೊಂಡವು. ಪಾದಗಳು ಉಬ್ಬಿ ಚಪ್ಪಲಿಯೊಳಗೆ ಹೋಗದಾದವು. ಅಕ್ಕನೇನು ಮನೆಯಲ್ಲಿ ಕೂರುವವಳೇ? ನಾನು ಅಲ್ಲಿ ಬಿಟ್ಟುಬಂದಿದ್ದ ಹಳೆಯ ಚಪ್ಪಲಿ ಮೆಟ್ಟಿಕೊಂಡು ಪೇಟೆಗೆಲ್ಲ ತಿರುಗಿದಳು. ಯಾರಾದರೂ ಕೇಳಿದರೆ, "ಬಿಪಿಗೆ ಕೊಟ್ಟ ಗುಳಿಗಿ ದಾರಿ ತಪ್ಪಿ ಕಾಲಿಗೆ ಹೋಗೇತಿ. ಬರದಾಕಿ ನನ್ನ ವಿದ್ಯಾರ್ಥಿನಿ" ಎನ್ನುವಳು. ಡಾಕ್ಟರ ಹೆಸರು ಊರಲ್ಲಿ ಏನಾಗಿರಬೇಕು! ಆ ಹುಡುಗಿ ಮಾತ್ರ ಸಿಟ್ಟಾಗಲಿಲ್ಲ. ಕೆಲವರಿಗೆ ಹೀಗಾಗುತ್ತದೆ ಎಂದು ಬೇರೆ ಗುಳಿಗೆ ಬರೆದುಕೊಟ್ಟಳು.

ಎರಡನೆಯದಕ್ಕೆ ಬಾವು ಇಳಿಯಿತು, ಕೆಮ್ಮು ಹತ್ತಿತು. ಕಫವಿಲ್ಲ, ಜ್ವರವಿಲ್ಲ, ಬರೀ ಒಣ ಕೆಮ್ಮು. ಮಾತಿನ ನಡುವೆ ಎಲ್ಲಿ ಬೇಕೆಂದರೆ ಅಲ್ಲಿ ಬರುವಂಥದ್ದು. ಅಷ್ಟರಲ್ಲಿ ಶ್ರಾವಣ ಬಂತು, ಮಠದಲ್ಲಿ ಪುರಾಣ ಹಚ್ಚಿದರು. ಅಕ್ಕ ಮುಂದಿನ ಸಾಲಿನವಳು. ಪುರಾಣ ಹೇಳುವವರು, "ನಮ್ಮ ಮಠದ ಕಮಿಟಿಯ ಹಿರಿಯರು ಹಗಲಿರುಳು ನಿಸ್ವಾರ್ಥದಿಂದ ದುಡಿಯಾಕತ್ತಾರ" ಎಂದಾಗ ಅಕ್ಕನಿಗೆ ಕೆಮ್ಮು. "ಒಂದು ಪೈನೂ ಮುಟ್ಟಿಲ್ಲ" ಎಂದಾಗ ಇನ್ನೂ ಜೋರು ಕೆಮ್ಮು! ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಮಿಟಿಯ ಹಿರಿಯರು ಎದ್ದು ಬಂದು ಕೈ ಮುಗಿದು, "ಅಕ್ಕೋರ, ಏನರ ಇದ್ರ ಆಮ್ಯಾಲ ಕುಂತು ಮಾತಾಡೂಣ್ರಿ" ಎಂದರಂತೆ. ಇದನ್ನು ಅಕ್ಕ ಫೋನಿನಲ್ಲಿ ಕೆಮ್ಮಿ ಕೆಮ್ಮಿ ಹೇಳಿದಳು.

"ಡಾಕ್ಟರಿಗೆ ಹೇಳಿದಿ ಹೌದಿಲ್ಲೋ?" ಎಂದೆ.

"ಹೇಳ್ತೇನಿ ಬಿಡು."

ಹೇಳಲಿಲ್ಲ. ಹೇಳುವ ಬದಲು ಅವಳು ಮಾಡಿದ್ದನ್ನು ನಮ್ಮ ಕಡೆಯ ಓಣಿಗಳಲ್ಲಿ ಹುಟ್ಟಿ ಬೆಳೆದವರು ಮಾತ್ರ ಮಾಡಲು ಸಾಧ್ಯ. ನಮ್ಮಲ್ಲಿ ಹಾಲಿಗೆ ಹೆಪ್ಪು ಬೇಕಾದರೆ ಬಾಜೂಮನೆಗೆ ಬಟ್ಟಲು ಒಯ್ಯುತ್ತಾರೆ. ಚಹಾಪುಡಿ, ಸಕ್ಕರೆ, ಹಿಟ್ಟು ಎಲ್ಲವೂ ಗೋಡೆ ದಾಟಿ ಬರುತ್ತವೆ, ದಾಟಿ ಹೋಗುತ್ತವೆ. ಈಚೆಗೆ ಗುಳಿಗೆಗಳೂ ಆ ಸಾಲಿಗೆ ಸೇರಿವೆ. ಮಧ್ಯಾಹ್ನ ಕಟ್ಟೆಯ ಮೇಲೆ ಕೂತ ಹೆಂಗಸರು ಮೊದಲು ಸೊಸೆಯರ ಸುದ್ದಿ ಆಡುತ್ತಿದ್ದರು. ಈಗ ಯಾರ ಗುಳಿಗೆ ಯಾರಿಗೆ ಏನು ಮಾಡಿತು ಎಂದು ಹೇಳಿಕೊಳ್ಳುತ್ತಾರೆ.

ಬಾಜೂಮನೆಯ ಗೌರವ್ವನಿಗೂ ಬಿಪಿ. ಅವಳ ಗುಳಿಗೆ ಅವಳಿಗೆ ಏನೂ ತೊಂದರೆ ಕೊಟ್ಟಿರಲಿಲ್ಲ. ಬಾವಿಲ್ಲ, ಕೆಮ್ಮಿಲ್ಲ! ಅಕ್ಕನಿಗೆ ಆಸೆ ಹುಟ್ಟದೆ ಇರುತ್ತದೆಯೇ? "ಗೌರವ್ವಾ, ನಿನ್ನ ಗುಳಿಗಿ ಒಂದು ಕೊಡು, ನನಗ ಹಿಡಸತೈತೋ ಏನೋ ನೋಡ್ತೇನಿ" ಎಂದಳು. ಗೌರವ್ವ ಎಲೆ-ಅಡಿಕೆಯ ಚಂಚಿ ಬಿಚ್ಚಿದಳು. ಅವಳ ಗುಳಿಗೆಗಳೆಲ್ಲ ಆ ಬಟ್ಟೆಯ ಚೀಲದಲ್ಲೇ ಇರುತ್ತಿದ್ದವು. ಹಾಳೆಯಿಂದ ಬಿಡಿಸಿ, ಬಿಡಿಬಿಡಿಯಾಗಿ, ಅಡಿಕೆ ಚೂರುಗಳ ಜೊತೆಗೆ. ಅವಳ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಅಕ್ಕನಿಗೆ ಕನ್ನಡಕವಿತ್ತು ನಿಜ, ಆದರೆ ಬಿಡಿ ಗುಳಿಗೆಯ ಮೇಲೆ ಓದುವುದಕ್ಕೇನಿದೆ? ಗೌರವ್ವ ಬೆರಳಾಡಿಸಿ ಒಂದು ಸಣ್ಣ ಗುಳಿಗೆ ತೆಗೆದುಕೊಟ್ಟಳು, ಅಕ್ಕ ನುಂಗಿ ನೀರು ಕುಡಿದಳು. ಗೌರವ್ವನಿಗೆ ಬಿಪಿಯ ಜೊತೆಗೆ ಸಕ್ಕರೆ ಕಾಯಿಲೆಯೂ ಇತ್ತು. ಕೊಟ್ಟದ್ದು ಸಕ್ಕರೆ ಇಳಿಸುವ ಗುಳಿಗೆಯಾಗಿತ್ತು.

ಅವತ್ತು ಶ್ರಾವಣ ಸೋಮವಾರ ಬೇರೆ. ಅಕ್ಕನಿಗೆ ಸಂಜೆಯವರೆಗೆ ಉಪವಾಸ. ಖಾಲಿ ಹೊಟ್ಟೆಗೆ ಆ ಗುಳಿಗೆ ನುಂಗಿ, ಗೌರವ್ವನ ಕಣ್ಣು ತೋರಿಸಲೆಂದು ಅವಳನ್ನು ಕರೆದುಕೊಂಡು ಬಾಗಲಕೋಟೆಯ ಬಸ್ಸು ಹತ್ತಿದಳು. ಅಮೀನಗಡ ದಾಟುವ ಹೊತ್ತಿಗೆ ಅಕ್ಕನ ಮೈಯೆಲ್ಲ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂತು. ಅಮೀನಗಡದಲ್ಲಿ ಹತ್ತಿದ ಒಬ್ಬನ ಕೈಯಲ್ಲಿ ಕರದಂಟಿನ ಡಬ್ಬಿಯಿತ್ತು. "ಉಪಾಸ ಇದ್ದ ಹೆಣ್ಮಗಳು, ಚಕ್ಕರ ಬಂದಾವ, ಸಿಹಿ ತಿನಸ್ರಿ" ಎಂದು ಆತ ಒಂದು ತುಂಡು ಮುರಿದು ಕೊಟ್ಟ. ಅಕ್ಕ ಹಲ್ಲು ಕಚ್ಚಿ, "ಇವತ್ತು ಸೋಮ್ವಾರ" ಎಂದಳಂತೆ! ಆಗ ಬಸ್ಸಿನಲ್ಲಿ ಕರದಂಟು ಉಪವಾಸಕ್ಕೆ ನಡೆಯುತ್ತದೋ ಇಲ್ಲವೋ ಎಂಬ ವಾದ ಎದ್ದಿತು. ಬೆಲ್ಲ, ಅಂಟು, ಒಣ ಹಣ್ಣು, ಇದರಲ್ಲಿ ಕಾಳಿಲ್ಲವಲ್ಲ, ನಡೆಯುತ್ತದೆ ಎಂದು ಒಂದು ಪಕ್ಷ. ಅಂಗಡಿಯಲ್ಲಿ ಮಾಡಿದ್ದು, ನಡೆಯುವುದಿಲ್ಲ ಎಂದು ಇನ್ನೊಂದು ಪಕ್ಷ. ನನ್ನ ಅಕ್ಕ ನಡುವೆ ಕೂತು ಸಾಯುತ್ತಿದ್ದಾಳೆ! ಕಡೆಗೆ ಗೌರವ್ವ, "ಪಾಪ ಬಂದ್ರ ನನಗ ಬರಲಿ" ಎಂದು ಅವಳ ಗದ್ದ ಹಿಡಿದು ಬಾಯಿ ತೆರೆಸಿ ಚೂರು ಚೂರೇ ತುರುಕಿದಳು. ಚಾಲಕ ಶಿರೂರಿನಲ್ಲಿ ಇಳಿಯುವವರನ್ನು ಅವಸರ ಮಾಡಿ ಇಳಿಸಿ, ಬಾಗಲಕೋಟೆಯಲ್ಲಿ ಬಸ್ಸನ್ನು ನಿಲ್ದಾಣಕ್ಕೆ ಒಯ್ಯದೆ ನೇರ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದ.

ಅಕ್ಕನ ಫೋನಿನಿಂದ ನನಗೆ ಹೇಳಿದವನು ಕಂಡಕ್ಟರ್. "ನಿಮ್ಮ ಅಕ್ಕೋರ ಮಾತು ತೊದಲಾಕತ್ತೈತಿ, ದವಾಖಾನಿಗೆ ಲಗೂನ ಬರ್ರಿ" ಎಂದ. ಮಾತು ತೊದಲುವುದು ಎಂದರೆ ನಮ್ಮ ಮನೆಯಲ್ಲಿ ಏನರ್ಥ ಎಂದು ಅವನಿಗೇನು ಗೊತ್ತು? ನಾನು ದಾರಿಯುದ್ದಕ್ಕೂ ಅತ್ತುಕೊಂಡೇ ಹೋದೆ.

ನಾನು ತಲುಪುವಷ್ಟರಲ್ಲಿ ಅಲ್ಲಿಯ ಡಾಕ್ಟರು ರಕ್ತ ನೋಡಿ, ಸಕ್ಕರೆ ಪಾತಾಳಕ್ಕೆ ಇಳಿದಿದೆ ಎಂದು ಗ್ಲೂಕೋಸ್ ಹಚ್ಚಿದ್ದರು. ಲಕ್ವಾ ಅಲ್ಲ, ಅಪಾಯ ದಾಟಿದೆ, ಆದರೂ ನಾಳೆಯವರೆಗೆ ಇರಲಿ ಎಂದರು. ಗೌರವ್ವ ಚಂಚಿಯನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. "ಅದೂ ಬಿಳೇದು, ಇದೂ ಬಿಳೇದು, ನಾ ಏನ್ ಮಾಡ್ಲೋ ಯಪ್ಪಾ" ಎಂದು ಅಳುತ್ತಿದ್ದಳು. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅಕ್ಕನನ್ನು ಬೈಯಬೇಕೆಂದು ಮಾತ್ರ ನಿಶ್ಚಯ ಮಾಡಿಕೊಂಡು ಅವಳ ಮಂಚದ ಹತ್ತಿರ ಹೋದೆ.

"ಬುದ್ಧಿ ಐತೇನು ನಿನಗ? ಕೆಮ್ಮು ಬಂದೈತಿ ಅಂತ ಡಾಕ್ಟರಿಗೆ ಒಂದು ಮಾತು ಹೇಳಾಕ ಏನಾಗಿತ್ತು?"

ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು. "ನನ್ನ ಬಾಯಿ ಸೊಟ್ಟ ಆಗೇತೇನು ನೋಡು" ಎಂದಳು.

"ಇಲ್ಲ."

"ಸರಿ ನೋಡಲೇ."

ಬಗ್ಗಿ ನೋಡಿದೆ. ಇಲ್ಲ ಎಂದೆ. ಅವಳು ಮೆಲ್ಲಗೆ ಹೇಳಿದಳು. "ಬರೇ ಕೆಮ್ಮಾಗಿದ್ರ ಹೇಳ್ತಿದ್ದೆ. ನನ್ನ ಅಂಜಿಕಿ ಡಾಕ್ಟರಿಗೆ ಹೇಳಿದ್ರ ಆಕಿ ನಿನಗ ಹೇಳ್ತಿದ್ದಳು. ನೀ ಮೊದಲ ಅಂಜುಬುರುಕ. ಬಿಪಿ ಬಂದಾಗಿಂದ ದಿನಾ ಮುಂಜಾನಿ ಎದ್ದ ಕೂಡ್ಲೆ ನಾ ನಿನ್ನ ಹೆಸರು ಹಿಡಿದು ಕೂಗಿ ನೋಡ್ತೇನಿ. ನಾಲಿಗಿ ಹೊರಳತೈತೋ ಇಲ್ಲೋ ಅಂತ. ಅವ್ವಗ ಆ ಒಂದು ಹೆಸರು ಬರಲಾರದ ಹೋತು ನೋಡು. ಈ ಕೆಮ್ಮು ಬಂದಾಗಿಂದ ಹೆಸರು ಅರ್ಧಕ್ಕ ತುಂಡಾಗಾಕತ್ತಿತ್ತು. ಕೆಮ್ಮಿಗೆ ತುಂಡಾತೋ, ನಾಲಿಗೀನ ಹೋತೋ ತಿಳೀವಲ್ದು. ಅದಕ್ಕ ಗೌರವ್ವನ ಕಡೆ ಇಸ್ಕೊಂಡೆ."

ಇಷ್ಟು ದಿನ ಬಿಪಿ ನನ್ನದಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು, ಹುನಗುಂದದ ಮನೆಯಲ್ಲಿ ದಿನಾ ಬೆಳಿಗ್ಗೆ ಎದ್ದು ನನ್ನನ್ನು ಕೂಗುತ್ತಿದ್ದಳು. ಬಾಗಲಕೋಟೆಯಲ್ಲಿ ಮಲಗಿದ್ದ ನನಗೆ ಅದು ಹೇಗೆ ಕೇಳಿಸಬೇಕು?

"ಈಗ ಕೂಗು" ಎಂದೆ.

ಅಕ್ಕ ಉಗುಳು ನುಂಗಿ ನನ್ನ ಹೆಸರು ಹಿಡಿದು ಕೂಗಿದಳು. ಚೊಕ್ಕವಾಗಿ, ಒಂದಕ್ಷರವೂ ಮುಕ್ಕಾಗದೆ ಬಂತು. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ.

"ಓ ಅನ್ನಬಾರದೇನಲೇ?" ಎಂದಳು.

ಓ ಅಂದೆ. ಅವಳು ಇನ್ನೊಮ್ಮೆ ಕೂಗಿದಳು. ಇನ್ನೊಮ್ಮೆ ಓ ಅಂದೆ.