ಉಪ್ಪು-ಮೆಣಸಿನ ಗಿರಣಿಯೂ ನಮ್ಮ ಮಾವನವರೂ

ಮಂಚದ ಕಾಲು, ಕಡಗೋಲು, ಬುಗುರಿ ಕಡೆಯುತ್ತಾ ಕೂತವನ ಬಾಳಿನಲ್ಲಿ ನಗುವಂಥದ್ದು ಏನು ನಡೆದೀತು ಅಂತ ಜನ ಕೇಳುತ್ತಾರೆ. ಲೇತ್ ತಿರುಗುತ್ತಿರುವವರೆಗೆ ನಡೆಯುತ್ತಲೇ ಇರುತ್ತದೆ ಸ್ವಾಮಿ! ನಾನೇನು ಹುಡುಕಿಕೊಂಡು ಹೋಗಲಿಲ್ಲ, ಅವೇ ಅಂಗಡಿ ಬಾಗಿಲಿಗೆ ಬಂದವು.

ಸೇರು ಹೋಗಿ ಕಿಲೋ ಬರುತ್ತಿದ್ದ ಕಾಲ ಅದು. ತುಮಕೂರು ಪೇಟೆಯಲ್ಲಿ ನಮ್ಮ ಮಾವನದು ಮರ ಕಡೆಯುವ ಕಡಚಲು ಅಂಗಡಿ. ನನಗೆ ಸೋದರಮಾವ, ಕೆಲಸ ಕಲಿಸಿದ ಗುರು, ಹೆಣ್ಣು ಕೊಟ್ಟವರು, ಮೂರೂ ಅವರೇ. ಹಾಗಾಗಿ ಬೈಗುಳವೂ ಮೂರು ಪಾಲು. ಗುಬ್ಬಿಯಲ್ಲಿ ಅವರದೇ ಇನ್ನೊಂದು ಅಂಗಡಿ, ಇನ್ನೊಂದು ಲೇತ್ ಬೀಗ ಹಾಕಿಕೊಂಡು ಬಿದ್ದಿತ್ತು. ಆ ಬೀಗದ ಕೈ ಮಾವನ ಉಡಿದಾರದಲ್ಲಿ ತೂಗುತ್ತಿತ್ತು. ಅದು ನನ್ನ ಉಡಿದಾರಕ್ಕೆ ಬರಬೇಕು ಅನ್ನುವುದೊಂದೇ ನನಗಿದ್ದ ಆಸೆ.

೧. ಯಾರ ಮಂಚದ ಕಾಲು?

ಒಂದು ದಿನ ಕಾರು ಬಂದು ನಿಂತಿತು. ಇಳಿದವರು ಮಾರ್ಕೋನಹಳ್ಳಿ ಕಡೆ ಮನೆ ಕಟ್ಟಿಕೊಂಡಿದ್ದ ರಿಟೈರ್ಡ್ ಎಂಜಿನಿಯರ್ ಸಾಹೇಬರು. ವಿಲಾಯಿತಿ ಸೀಮೆಯಿಂದ ತಂದ ಗೇಣುದ್ದದ ಮರದ ಸಾಮಾನೊಂದನ್ನು ಮುಂದಿಟ್ಟು, "ಇಂಥದ್ದು ಆರು ಜೊತೆ ಬೇಕು" ಅಂದರು.

ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಂಚದ ಕಾಲು ಇಷ್ಟು ಗಿಡ್ಡ ಆದ್ರೆ ಮಲಗೋರು ಯಾರು ಸ್ವಾಮಿ, ಬೆಕ್ಕಾ?" ಅಂದರು.

ಸಾಹೇಬರು ನಕ್ಕು ಅದರ ತಲೆ ತಿರುವಿ ತೋರಿಸಿದರು. ಕೆಳಗಿನಿಂದ ಮೆಣಸಿನ ಪುಡಿ ಉದುರಿತು! ಒಳಗೆ ಉಕ್ಕಿನ ಹಲ್ಲು. ನನ್ನ ಮೈಯೆಲ್ಲ ಜುಮ್ಮೆಂದಿತು. ಇಂಥ ಕೆಲಸಕ್ಕಾಗಿಯೇ ನಾನು ಹುಟ್ಟಿದ್ದು ಅನಿಸಿಬಿಟ್ಟಿತು.

"ಒಂದು ಮೆಣಸಿಗೆ, ಒಂದು ಉಪ್ಪಿಗೆ. ಊಟಕ್ಕೆ ಕೂತಾಗ ಅವರವರೇ ತಿರುವಿಕೊಳ್ಳೋದು" ಅಂತ ಸಾಹೇಬರು ವಿವರಿಸಿದರು.

ಮಾವ ಮರುಕದಿಂದ ಕೇಳಿದರು: "ಪಾಪ, ಅಡುಗೆ ಮಾಡೋವಾಗ ಹಾಕೋದನ್ನ ದಿನಾ ಮರೀತಾರಾ?"

ಸಾಹೇಬರು ಹೋದ ಮೇಲೆ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಮಾವ ಬೀಗದ ಕೈ ಜಣಜಣ ಆಡಿಸುತ್ತಾ, "ಸಾಹೇಬ್ರು ಭೇಷ್ ಅಂದ್ರೆ ಗುಬ್ಬಿ ಅಂಗಡಿ ನಿಂದು ಕಣೋ. ಛೀ ಅಂದ್ರೆ ಸಾಯೋಗಂಟ ನನ್ ಕೈಕೆಳಗೆ ಮಂಚದ ಕಾಲು" ಅಂದರು.

೨. ಸೋಮವಾರದ ಸಾರು

ಮೆಣಸಿನದಕ್ಕೆ ಕರೀ ಬೀಟೆ, ಉಪ್ಪಿನದಕ್ಕೆ ಬಿಳೀ ಹಾಲೆಮರ. ಉಕ್ಕಿನ ಹಲ್ಲುಗಳನ್ನು ಸಾಹೇಬರೇ ಬೆಂಗಳೂರಿನಿಂದ ತರಿಸಿಕೊಟ್ಟರು. ಉಳಿ ಇಟ್ಟರೆ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರುತ್ತಿತ್ತು. ಊಟ ತಿಂಡಿ ಮರೆತೆ. ಆದರೆ ಮೊದಲನೆಯದಕ್ಕೆ ಕಲ್ಲುಪ್ಪು ತುಂಬಿ ತಿರುವಿದರೆ, ಗರ್ ಅಂದು ಕಚ್ಚಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಆಗ ಕ್ಯಾತ್ಸಂದ್ರದ ಹಾಸ್ಟೆಲೊಂದರ ಅಡುಗೆಯವರು ಸಾರಿನ ಸೌಟಿಗೆ ಹಿಡಿ ಹಾಕಿಸಲು ಬಂದರು. ನೋಡಿದ ಕೂಡಲೇ, "ಉಪ್ಪು ತೇವ ಕುಡ್ದದೆ ಕಣಪ್ಪ. ಬಾಣಲೇಲಿ ಹುರಿದು ಹಾಕು" ಅಂದರು. ಹುರಿದು ಹಾಕಿದೆ. ಉಪ್ಪು ಹಿಟ್ಟಿನಂತೆ ಉದುರಿತು! ಕುಣಿದಾಡಿಬಿಟ್ಟೆ. ಆ ಖುಷಿಯಲ್ಲಿ, "ನಿಮ್ಮ ಹಾಸ್ಟೆಲ್ಲಿಗೂ ಒಂದು ಮೆಣಸಿಂದು ಮಾಡಿಕೊಡ್ಲಾ?" ಅಂದೆ.

ಅವರು ಗಿರಣಿಯನ್ನು ನಾಲ್ಕು ಸಲ ತಿರುವಿದರು, ಅಂಗೈ ನೋಡಿಕೊಂಡರು, ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಬ್ಯಾಡಪ್ಪ. ಇದನ್ನ ತಿರುವ್ತಾ ಕೂತ್ರೆ ಸೋಮವಾರದ ಸಾರು ಗುರುವಾರಕ್ಕೆ ಆಯ್ತದೆ."

೩. ಬರಿದು ಕೊಡಬಾರದು

ಆರು ಜೊತೆ ಮುಗಿಸಿ, ಅರಗಿನ ಹೊಳಪು ಕೊಟ್ಟು, ಚೀಲಕ್ಕೆ ತುಂಬಿ ಕುಣಿಗಲ್ ಬಸ್ಸು ಹತ್ತಿದೆ. ಸಾಹೇಬರ ಮನೆಯಲ್ಲಿ ಅವತ್ತೇ ಮಧ್ಯಾಹ್ನ ದೊಡ್ಡ ಔತಣ. ಮೈಸೂರಿನಿಂದ ಅವರ ಹಳೆಯ ಮೇಲಧಿಕಾರಿ ಬರುವವರಿದ್ದರು. ಚೀಲ ಕೊಟ್ಟು, ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಹೆಂಡತಿ ಕೇಳಿದಳು: "ಚೀಲ ಭಾರ ಅನ್ಲಿಲ್ವೇನ್ರೀ?"

"ಯಾಕೆ?"

"ಪಾತ್ರೇನ ಬರಿದು ಕೊಡ್ಬಾರ್ದಲ್ಲ. ಎಲ್ಲಾದ್ರಲ್ಲೂ ಒಂದಿಷ್ಟು ತುಂಬಿದೀನಿ."

"ಉಪ್ಪು, ಮೆಣಸು ತಾನೆ?" ಅಂದೆ.

"ಥೂ, ಬುಡ್ತು ಅನ್ನಿ! ಉಪ್ಪು ಕೊಟ್ರೆ ಜಗಳ, ಖಾರ ಕೊಟ್ರೆ ನಂಟು ಕೆಡ್ತದೆ. ಬಿಳೇದ್ರಲ್ಲಿ ಸಕ್ಕರೆ ಹಾಕ್ದೆ, ಕರೇದ್ರಲ್ಲಿ ಯಾಲಕ್ಕಿ ಬೀಜ."

ಗುಬ್ಬಿ ಅಂಗಡಿ ಕಣ್ಣೆದುರಿಗೇ ಕರಗಿತು. ಅಳು ಬಂತು, ಸುಳ್ಳು ಯಾಕೆ ಹೇಳಲಿ. ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಮಾವ ಮಾತ್ರ ಒಂದು ಒರಟು ತೇಗದ ತುಂಡು ತಂದು ನನ್ನ ಮುಂದೆ ಇಟ್ಟರು. "ತಗೋ, ಮಂಚದ ಕಾಲು. ಇವತ್ತಿಂದ್ಲೇ ಶುರು ಮಾಡು."

೪. ಕೈಗೆ ಬಿದ್ದ ಉಪ್ಪು

ಮರುದಿನವೇ ಸಾಹೇಬರಿಂದ ಕರೆ ಬಂತು. ಕಾಲೆಳೆದುಕೊಂಡು ಹೋದೆ. ಬಾಗಿಲಲ್ಲೇ ಸಾಹೇಬರ ಮನೆ ಅಮ್ಮಾವ್ರು ಸಿಕ್ಕಿ, ಹೊಟ್ಟೆ ಹಿಡಿದುಕೊಂಡು ನಗುತ್ತಾ ನಡೆದದ್ದು ಹೇಳಿದರು. ಅವರ ಅಡುಗೆಯವನು, ತುಂಬಿಸಿಯೇ ಕಳಿಸಿದ್ದಾರೆ ಅಂತ ಹಾಗೇ ಮೇಜಿನ ಮೇಲಿಟ್ಟಿದ್ದ. ಮೈಸೂರಿನ ಅಧಿಕಾರಿಗೆ ಡಾಕ್ಟರು ಸಕ್ಕರೆ ಬಿಡಿಸಿ ಎರಡು ವರ್ಷ. ಪಕ್ಕದಲ್ಲೇ ಅವರ ಹೆಂಡತಿ ಕಾವಲು. ಅಧಿಕಾರಿ ಟೊಮ್ಯಾಟೊ ಸೂಪಿಗೆ ಎರಡನ್ನೂ ತಿರುವಿ ಒಂದು ಚಮಚ ಕುಡಿದರು. ಮುಖ ಅರಳಿತು, ಬಾಯಿ ಮಾತ್ರ ಬಿಡಲಿಲ್ಲ. ಇನ್ನಷ್ಟು ತಿರುವಿದರು. ಅನ್ನದ ಮೇಲೆ, ಮೊಸರಿನ ಮೇಲೆ, ಕೊನೆಗೆ ಬಾಳೆಹಣ್ಣಿನ ಮೇಲೂ ತಿರುವಿದರು. ಹೆಂಡತಿ ದಿಟ್ಟಿಸಿದಾಗ, "ಡಾಕ್ಟ್ರು ಉಪ್ಪು ಬೇಡ ಅಂದಿಲ್ವಲ್ಲೇ" ಅಂದರಂತೆ. ಬರಿದು ಕೊಡಬಾರದು ಅಂತ ನನ್ನ ಹೆಂಡತಿ ತುಂಬಿದ್ದು ಅಂತ ನಾನೂ ಒಪ್ಪಿಕೊಂಡೆ.

"ಇಂಥ ಕೆಲಸಗಾರ ಸೀಮೇಲೂ ಇಲ್ಲ ಅಂತ ಆ ಮೈಸೂರಿನವ್ರು ಹೊಗಳಿ ಹೋದ್ರಪ್ಪ. ನಮ್ಮನೆಯವ್ರೂ ಭೇಷ್ ಅಂದ್ರು, ಇನ್ನೂ ಹನ್ನೆರಡು ಜೊತೆ ಬೇಕಂತೆ" ಅಂದ ಅಮ್ಮಾವ್ರು, ಒಂದು ಜೊತೆ ವಾಪಸು ನನ್ನ ಕೈಗಿಟ್ಟರು. "ಇದು ನಿಮ್ಮನೆಯವ್ರಿಗೆ. ಬರಿದು ಕೊಡ್ಬಾರ್ದು ಅಂತ ಅವರೇ ಕಲಿಸಿದ್ದು. ನಾನೂ ತುಂಬಿದೀನಿ."

ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ, ಅಷ್ಟು ಸಂತೋಷ! ಮನೆಗೆ ಓಡಿ ಬಂದು ಎಲ್ಲ ಹೇಳಿದೆ. ಮಾವ ಬೀಗದ ಕೈ ಬಿಚ್ಚಿ ಕೊಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು. ನಾನು ಕಾಲಿಗೆ ಬಿದ್ದೆ. ಅವರು ಅಂಗೈ ಚಾಚಿ, "ಎಲ್ಲಿ, ಒಂದ್ಸಲ ತಿರುವು. ನಾನೂ ನೋಡ್ತೀನಿ" ಅಂದರು. ತಿರುವಿದೆ. ಮಾವ ನೆಕ್ಕಿ ನೋಡಿದರೆ ಉಪ್ಪು!

"ಅಯ್ಯೋ, ಅಪ್ಪನ ಕೈಗೆ ಉಪ್ಪು ಕೊಟ್ರಲ್ರೀ! ಇನ್ ನಿಮ್ಮಿಬ್ರಿಗೂ ಜಗಳ!" ಅಂತ ಹೆಂಡತಿ ಕಿರುಚಿಕೊಂಡಳು.

"ಉಪ್ಪಿಂದ ಎಲ್ಲಾದ್ರೂ ಜಗಳ ಆಗ್ತದಾ?" ಅಂತ ಮಾವ ನಕ್ಕರು.

"ಆಗಲ್ಲ ಬಿಡು ಮಾವ" ಅಂದೆ.

"ಆಗಲ್ಲ ಅಂತ ನಾನೇ ಹೇಳ್ದೆ ಕಣೋ. ನೀನೇನ್ ಹೇಳೋದು?"

"ನಾನೂ ಅದನ್ನೇ ಹೇಳಿದ್ದು."

"ಬೀಗದ ಕೈ ಸಿಕ್ಕ ತಕ್ಷಣ ಎದುರು ಮಾತಾ?"

"ಎದುರೆಲ್ಲಿ? ಜಗಳ ಆಗಲ್ಲ ಅಂತ ನೀನೂ ಅಂದೆ, ನಾನೂ ಅಂದೆ!"

"ಧ್ವನಿ ಇಳಿಸಿ ಮಾತಾಡ್ಲಾ!"

ಉಪ್ಪಿನಿಂದ ಜಗಳ ಆಗುವುದಿಲ್ಲ ಅನ್ನುವ ವಿಷಯಕ್ಕೆ ನಾನೂ ನಮ್ಮ ಮಾವನೂ ಹದಿನೈದು ದಿನ ಮಾತು ಬಿಟ್ಟಿದ್ದೆವು.